ಚೊಂಬು ನೀರಿನ ಎಂಜಿನ್

ಸಕ್ರೆಬೈಲಿನ ಆನೆ ಬಿಡಾರ, ಬೆಳಿಗ್ಗೆ ಒಂಬತ್ತರ ಹೊತ್ತು. ಗಾಜನೂರು ಅಣೆಕಟ್ಟೆಯ ಹಿನ್ನೀರಿನಲ್ಲಿ ಆನೆಗಳ ಸ್ನಾನ ನಡೆದಿದೆ. ದಡದ ಕಲ್ಲಿನ ಮೇಲೆ ಇಬ್ಬರು ಕೂತಿದ್ದಾರೆ. ಒಬ್ಬರು ಶಿವಮೊಗ್ಗದ ಮೆಷಿನ್ ಶಾಪುಗಳಲ್ಲಿ ಮೂವತ್ತೈದು ವರ್ಷ ಸಿಲಿಂಡರ್ ಲೈನರ್‌ಗೆ ಬೋರು ಹೊಡೆದು, ಹೋನಿಂಗ್ ಮಾಡಿ ನಿವೃತ್ತರಾದ ಮಾವ. ಇನ್ನೊಬ್ಬಳು ಅವರ ತಂಗಿಯ ಮಗಳು. ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಕೆಲಸ, ಈಗ ರಜೆಗೆ ಬಂದಿದ್ದಾಳೆ.

ಹುಡುಗಿ: ಮಾವ, ಒಂದು ವಿಷಯ ಕೇಳಬೇಕಿತ್ತು. ಬೈಬಾರದು.

ಮಾವ: ಬೈಯೋ ವಿಷಯವಾದರೆ ಬೈತೀನಿ. ಕೇಳು.

ಹುಡುಗಿ: ಅಲ್ಲಿ ಒಂದು ಹಳೇ ಕಾರು ತಗೋಬೇಕು ಅಂತ ಆಸೆ. ಎರಡೇ ಸೀಟು. ಬಟ್ಟೆಯ ಚಾವಣಿ, ಬಿಸಿಲು ಬಂದ ದಿನ ತೆಗೆದಿಡಬಹುದು. ಇಡೀ ಕಾರು ಒಂದು ಟನ್ ಒಳಗೆ.

ಮಾವ: ಅಲ್ಲಿ ನೀರಲ್ಲಿ ಮಲಗಿದೆಯಲ್ಲ ಹೆಣ್ಣಾನೆ, ಅದರ ಮೂರರಲ್ಲೊಂದು ಪಾಲು ಅನ್ನು. ನಿಮ್ಮಮ್ಮ ಏನಂದಳು?

ಹುಡುಗಿ: ವರ್ಷವಿಡೀ ಮಳೆ ಹೊಯ್ಯೋ ದೇಶದಲ್ಲಿ ಸೂರಿಲ್ಲದ ಕಾರು ಯಾರಿಗೆ ಬೇಕು ಅಂದಳು. ಆಗುಂಬೆ ಮಳೆ ಕಂಡವಳಿಗೆ ಅದೊಂದು ಮಳೆಯಾ? ನನ್ನ ಭಯ ಬೇರೆ. ಈ ಜಾತಿ ಕಾರುಗಳ ಎಂಜಿನ್ ನಂಬೋ ಹಾಗಿಲ್ಲ ಅಂತ ಆಫೀಸಿನಲ್ಲಿ ಎಲ್ಲರೂ ಹೆದರಿಸ್ತಾರೆ. ಒಬ್ಬರು ಹೆಡ್ ಗ್ಯಾಸ್ಕೆಟ್ ಅಂತಾರೆ, ಇನ್ನೊಬ್ಬರು ಆಯಿಲ್ ಪಂಪ್ ಅಂತಾರೆ. ನೀವು ಎಂಜಿನ್ ಒಳಗೇ ಜೀವನ ಕಳೆದವರು, ಅದಕ್ಕೇ ಕೇಳಿದ್ದು.

ಮಾವ: ಎಂಜಿನ್ ಒಳಗಲ್ಲ ಮಾರಾಯ್ತಿ, ಲೈನರ್ ಒಳಗೆ. ನನಗೆ ಕೈಯಾರೆ ಗೊತ್ತಿರೋದು ಆ ಒಂದು ಕೊಳವೆ. ಅದರ ಸುತ್ತ ಇರೋದೆಲ್ಲ ನೋಡಿ, ಕೇಳಿ ತಿಳಿದದ್ದು. ಯಾವ್ಯಾವ ಕಾರು ಕಣ್ಣಿಗೆ ಬಿದ್ದಿದೆ?

ಹುಡುಗಿ: ಲೋಟಸ್ ಎಲೀಸ್. ಅದು ಮನಸ್ಸಲ್ಲಿರೋದು. ಅದು ಆಗದಿದ್ದರೆ ಮಾಜ್ಡಾ ಎಂಎಕ್ಸ್-5, ಇಲ್ಲವೇ ಟೊಯೊಟಾ ಎಂಆರ್2.

ಮಾವ: ಎಲೀಸ್‌ನಲ್ಲಿ ಯಾರ ಎಂಜಿನ್?

ಹುಡುಗಿ: 1996ರಲ್ಲಿ ಬಂದಾಗ ರೋವರ್ ಕಂಪನಿಯದು, ಕೆ-ಸೀರೀಸ್ ಅಂತ. 2004ರಿಂದ ಟೊಯೊಟಾದ್ದೂ ಬಂತು.

ಮಾವ: ನೋಡು, ಮೊದಲನೇ ಸಂಗತಿ ಅದೇ. ಹಗುರ ಕಾರು ಮಾಡೋ ಸಣ್ಣ ಕಂಪನಿಗೆ ಸ್ವಂತ ಎಂಜಿನ್ ಮಾಡೋ ಶಕ್ತಿ ಇರಲ್ಲ. ಎರಕದ ಅಚ್ಚು, ಮೆಷಿನ್ನು, ಪರೀಕ್ಷೆ ಅಂತ ಕೋಟಿಗಟ್ಟಲೆ ಸುರಿಯಬೇಕು. ಹಾಗಾಗಿ ಮದುವೆಗೆ ಎರವಲು ಒಡವೆ ತರೋ ಹಾಗೆ, ಸಂಸಾರಸ್ಥರ ಕಾರಿನಿಂದ ಎಂಜಿನ್ ತಂದು ಹಾಕ್ತಾರೆ. ನಮ್ಮಲ್ಲೂ ಒಂದು ಬಂದಿತ್ತು, ಸ್ಯಾನ್ ಸ್ಟಾರ್ಮ್ ಅಂತ. ಕೇಳಿದೀಯಾ?

ಹುಡುಗಿ: ಇಲ್ಲ. ಸ್ಪೋರ್ಟ್ಸ್ ಕಾರಾ?

ಮಾವ: ಎರಡು ಸೀಟಿನ ಪುಟ್ಟ ಕಾರು, ಫೈಬರ್‌ಗ್ಲಾಸ್ ಮೈ. 1990ರ ದಶಕದ ಕೊನೆಗೆ ಬಂತು, ಗೋವಾದಲ್ಲಿ ಕಟ್ಟುತ್ತಿದ್ದರು. ಮಾಡಿದವರು ಯಾರು ಗೊತ್ತಾ? ರೈಲ್ವೆ ಶಂಟಿಂಗ್ ಎಂಜಿನ್ ಮಾಡೋ ಬೆಂಗಳೂರಿನ ಸ್ಯಾನ್ ಬಳಗ. ರೈಲಿನ ತೂಕ ಎಳೆಯೋದನ್ನೇ ಕಸುಬು ಮಾಡಿಕೊಂಡವರಿಗೆ ಹಗುರದ ಹುಚ್ಚು ಹೇಗೆ ಹಿಡಿಯಿತೋ, ನನಗೆ ಇವತ್ತಿಗೂ ಮೆಚ್ಚುಗೆ. ಅದಕ್ಕೆ ಹಾಕಿದ್ದು ರೆನೋದ 1149 ಸಿಸಿ ಎಂಜಿನ್. ಯುರೋಪಿನಲ್ಲಿ ಸಂಸಾರದ ಕಾರಿಗೆ ಹಾಕೋ ಸಾಧು ಎಂಜಿನ್. ಆದರೆ ರೆನೋದವರು ಈ ದೇಶಕ್ಕೆ ಲೋಗನ್ ತಂದದ್ದೇ 2007ರಲ್ಲಿ. ಅಲ್ಲಿಯವರೆಗೆ ಆ ಎಂಜಿನ್ನಿನ ಒಂದು ಸೀಲ್ ಬೇಕಾದರೂ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಯಾರ ಬಳಿ ಕೇಳ್ತೀಯ? ಮಾರುತಿ 800 ಆಗಿದ್ದರೆ ತೀರ್ಥಹಳ್ಳಿಯ ಸಂದಿಯಲ್ಲೂ ಸಿಗುತ್ತಿತ್ತು. ಎಂಜಿನ್ ನಂಬಿಕೆಯದ್ದೋ ಅಲ್ಲವೋ ಅನ್ನೋದರಲ್ಲಿ ಅರ್ಧ ಪಾಲು ಎಂಜಿನ್ನಿನ ಹೊರಗೆ, ಬಿಡಿ ಭಾಗದ ಅಂಗಡಿಯಲ್ಲಿರುತ್ತೆ.

ಹುಡುಗಿ: ಆ ಲೆಕ್ಕದಲ್ಲಿ ನಾನು ಅದೃಷ್ಟವಂತೆ. ರೋವರ್ ಎಂಜಿನ್ ತಯಾರಾಗುತ್ತಿದ್ದ ಲಾಂಗ್‌ಬ್ರಿಜ್, ಬರ್ಮಿಂಗ್‌ಹ್ಯಾಮ್ ಹತ್ತಿರ, ನಮ್ಮೂರಿಂದ ಕಾರಿನಲ್ಲಿ ಒಂದು ಗಂಟೆ ದಾರಿ ಇಲ್ಲ. ಕಂಪನಿ 2005ರ ಏಪ್ರಿಲಿನಲ್ಲಿ ಮುಳುಗಿತು. ಆರು ಸಾವಿರದಷ್ಟು ಜನ ಕೆಲಸ ಕಳಕೊಂಡರು. ಆದರೆ ಆ ಎಂಜಿನ್ ಬಿಚ್ಚಿ ಕಟ್ಟೋರು ಈಗಲೂ ಆ ಸುತ್ತಮುತ್ತ ಇದ್ದಾರೆ.

ಮಾವ: ಇರ್ತಾರೆ. ಕಾರ್ಖಾನೆ ಹೋದರೂ ಕೈ ಎಲ್ಲಿ ಹೋಗುತ್ತೆ? ಭದ್ರಾವತಿಯಲ್ಲಿ ನೋಡು, 1923ರಲ್ಲಿ ಕುಲುಮೆ ಹೊತ್ತಿಸಿದ ಕಾರ್ಖಾನೆ. ನೂರು ತುಂಬಿದ ತಿಂಗಳೇ, 2023ರ ಜನವರಿಯಲ್ಲೇ, ಮುಚ್ತೀವಿ ಅಂತ ತೀರ್ಮಾನ ಬಂತು. ನಮ್ಮ ಶಾಪಿನಲ್ಲಿ ಅಲ್ಲಿಂದ ಬಂದ ಒಬ್ಬರಿದ್ದರು. ಕರಗಿದ ಕಬ್ಬಿಣದ ಬಣ್ಣ ನೋಡಿಯೇ ಶಾಖ ಹೇಳುತ್ತಿದ್ದರು. ಅದಿರಲಿ, ಆ ರೋವರ್ ಎಂಜಿನ್ ಒಳಗೆ ಹೇಗಿದೆ ಹೇಳು.

ಹುಡುಗಿ: ಓದಿದ್ದು ಹೇಳ್ತೀನಿ. 1989ರಲ್ಲಿ ಬಂದದ್ದು. ಬ್ಲಾಕ್ ಅಲ್ಯೂಮಿನಿಯಂ, ಹೆಡ್ ಅಲ್ಯೂಮಿನಿಯಂ. ಹೆಡ್ಡಿಗೆ ಒಂದು ಬೋಲ್ಟು, ಬೇರಿಂಗಿಗೆ ಬೇರೆ ಬೋಲ್ಟು ಅಂತಿಲ್ಲ. ಮೇಲಿಂದ ಹತ್ತು ಉದ್ದುದ್ದ ಬೋಲ್ಟು ಹೆಡ್, ಬ್ಲಾಕ್ ಎಲ್ಲ ದಾಟಿ ತಳದ ಪಟ್ಟಿಗೆ ಹೋಗಿ ಕಚ್ಚುತ್ತವೆ.

ಮಾವ: ಹಲಗೆ ಪೇರಿಸಿ ಮೇಲಿಂದ ಕೆಳಕ್ಕೆ ಒಂದೇ ಬೋಲ್ಟಿನಲ್ಲಿ ಬಿಗಿದ ಹಾಗೆ. ಜಾಣ ಕೆಲಸ. ಅಲ್ಯೂಮಿನಿಯಂ ಎಳೆತಕ್ಕೆ ಹಾಕಿದರೆ ಸೋಲುತ್ತೆ, ಒತ್ತಿದರೆ ತಡೆಯುತ್ತೆ. ಹಾಗೆ ಒತ್ತಿ ಹಿಡಿದರೆ ತೆಳ್ಳಗೆ ಮಾಡಬಹುದು. ಲೈನರ್?

ಹುಡುಗಿ: ಕಬ್ಬಿಣದ್ದು. ಬ್ಲಾಕಿನೊಳಗೆ ಇಳಿಬಿಟ್ಟಿದ್ದಾರೆ. ಹೊರಮೈಗೆ ನೀರು ತಾಗುತ್ತೆ.

ಮಾವ: ವೆಟ್ ಲೈನರ್. ಅಲ್ಲಿಗೆ ನನ್ನ ಕಸುಬಿಗೆ ಬಂದೆ ನೀನು. ಶಿವಮೊಗ್ಗದಲ್ಲಿ ಲೈನರ್ ಎರಕ ಹೊಯ್ಯೋ ಕಂಪನಿಯೊಂದರ ಹೆಸರೇ ಪರ್ಲೈಟ್. ಆ ಮಾತು ಎಲ್ಲಿಂದ ಬಂತು ಅಂತ ಯೋಚಿಸಿದೀಯಾ? ಕಬ್ಬಿಣವನ್ನ ಹದವಾಗಿ ಆರಿಸಿದರೆ ಒಳಗೆ ಮೃದು ಪದರ, ಗಟ್ಟಿ ಪದರ, ಮೃದು, ಗಟ್ಟಿ, ಹೀಗೆ ಮುತ್ತಿನ ಚಿಪ್ಪಿನ ಒಳಮೈಯಂತೆ ಕೂರುತ್ತೆ. ಅದಕ್ಕೆ ಪರ್ಲೈಟ್ ಅಂತಾರೆ. ಪಿಸ್ಟನ್ ರಿಂಗು ನಿಮಿಷಕ್ಕೆ ಸಾವಿರಾರು ಸಲ ಉಜ್ಜಿದರೂ ಸವೆಯದೆ ನಿಲ್ಲೋದು ಆ ಕಬ್ಬಿಣ. ತಿರುಗೋ ಅಚ್ಚಿನೊಳಗೆ ಕರಗಿದ ಕಬ್ಬಿಣ ಹೊಯ್ತಾರೆ. ಅಚ್ಚು ಗಿರಗಿರ ತಿರುಗೋವಾಗ ಕಬ್ಬಿಣ ಹೊರಗೋಡೆಗೆ ಒತ್ತಿಕೊಂಡು ಕೊಳವೆಯಾಗುತ್ತೆ, ಹಗುರಾದ ಕಸರು ಒಳಮೈಗೆ ಬರುತ್ತೆ. ಆ ಕಸರನ್ನ ಬೋರು ಹೊಡೆದು ತೆಗೆಯೋದು. ಕೊನೆಗೆ ಹೋನಿಂಗ್. ಒಳಗೋಡೆಯಲ್ಲಿ ಓರೆ ಗೆರೆ, ಅದರ ಮೇಲೆ ಅಡ್ಡ ಓರೆ ಗೆರೆ. ಕಣ್ಣಿಗೆ ನುಣುಪು, ಉಗುರಿಗೆ ತರಿ. ಆ ಗೆರೆಗಳಲ್ಲಿ ಆಯಿಲ್ ನಿಲ್ಲಬೇಕು. ಕನ್ನಡಿ ಹಾಗೆ ನುಣ್ಣಗೆ ಮಾಡಿಟ್ಟೆ ಅಂತ ಹೊಸ ಹುಡುಗರು ಬೀಗೋರು. ಅಂಥದ್ದನ್ನ ತಿರುಗಿ ಮೆಷಿನ್ನಿಗೆ ಹಾಕಿಸುತ್ತಿದ್ದೆ.

ಹುಡುಗಿ: ಅಷ್ಟೆಲ್ಲ ಸರಿ ಇದ್ದ ಮೇಲೆ ಹೆಡ್ಡಿಗೂ ಬ್ಲಾಕಿಗೂ ನಡುವೆ ಕೂರೋ ಹೆಡ್ ಗ್ಯಾಸ್ಕೆಟ್ಟಿನಿಂದ ಈ ಎಂಜಿನ್ನಿಗೆ ಕೆಟ್ಟ ಹೆಸರು ಯಾಕೆ ಬಂತು? ಅಲ್ಲಿ ಕೆ-ಸೀರೀಸ್ ಅಂದರೆ ಸಾಕು, ಮುಂದಿನ ಮಾತೇ ಗ್ಯಾಸ್ಕೆಟ್.

ಮಾವ: ಯಾವ ಸೈಜಿನದಕ್ಕೆ?

ಹುಡುಗಿ: ಶುರುವಾದದ್ದು 1.1, 1.4 ಲೀಟರಿನಲ್ಲಿ. ಅದಕ್ಕೆ ಅಷ್ಟು ದೂರಿಲ್ಲ. ಆಮೇಲೆ ಅದೇ ಎಂಜಿನ್ನನ್ನ 1.8ರ ತನಕ ಹಿಗ್ಗಿಸಿದರು. ಬೋರು 75 ಮಿಲಿಮೀಟರ್ ಇದ್ದದ್ದು 80 ಆಯಿತು. ಎಲೀಸ್‌ಗೆ ಬಂದದ್ದು ಆ 1.8.

ಮಾವ: ಸಿಲಿಂಡರ್‌ಗಳ ನಡುವಿನ ದೂರ ಹೆಚ್ಚಿಸದೇನೇ?

ಹುಡುಗಿ: ಹೌದು. ಲೈನರ್ ಕೂರಿಸೋ ರೀತಿ ಬದಲಿಸಿದರಂತೆ.

ಮಾವ: ಹಾಗಾದರೆ ಐದು ಮಿಲಿಮೀಟರ್ ಎಲ್ಲಿಂದ ಬಂತು? ಗೋಡೆಯಿಂದ, ನೀರಿನ ಜಾಗದಿಂದ, ಗ್ಯಾಸ್ಕೆಟ್ ಕೂರೋ ಅಂಚಿನಿಂದ. ಮನೆ ಅಷ್ಟೇ ಇಟ್ಟುಕೊಂಡು ಕೋಣೆ ದೊಡ್ಡದು ಮಾಡಿದರೆ ಗೋಡೆ ತೆಳ್ಳಗಾಗಲೇಬೇಕು. ಇನ್ನು ಲೈನರ್ ಮಾತು. ವೆಟ್ ಲೈನರ್ ಬ್ಲಾಕಿನ ಮಟ್ಟಕ್ಕೆ ಸಮ ಕೂರಬಾರದು, ಒಂದು ಕೂದಲು ಮೇಲಿರಬೇಕು. ನಾಲ್ಕು ಥೌ ಅಂತೀವಲ್ಲ, ಮಿಲಿಮೀಟರಿನ ಹತ್ತರಲ್ಲೊಂದು ಪಾಲು. ಹೆಡ್ ಕೂರಿಸಿ ಬಿಗಿದಾಗ ಆ ನಾಲ್ಕು ಥೌ ಗ್ಯಾಸ್ಕೆಟ್ಟಿನ ಬೆಂಕಿಯುಂಗುರವನ್ನ ಕಚ್ಚಿ ಹಿಡಿಯುತ್ತೆ. ಲೈನರ್ ಕೂತಿರೋ ಮೆಟ್ಟಿಲು ಅಲ್ಯೂಮಿನಿಯಂ. ಒಂದು ಸಲ ಜೋರಾಗಿ ಕಾಯಿತೋ, ಮೆಟ್ಟಿಲು ಮೆದುವಾಗಿ ಲೈನರ್ ಇಳಿಯುತ್ತೆ. ನಾಲ್ಕು ಇದ್ದದ್ದು ಎರಡಾಯಿತು, ಒಂದಾಯಿತು ಅಂದರೆ ಹಿಡಿತ ಹೋಯಿತು. ಆಮೇಲೆ ಎಷ್ಟು ಹೊಸ ಗ್ಯಾಸ್ಕೆಟ್ ಹಾಕಿದರೂ ಹೋಗ್ತಾನೇ ಇರುತ್ತೆ. ಲೈನರ್ ಎತ್ತರ ಅಳೆಯದೆ ಗ್ಯಾಸ್ಕೆಟ್ ಬದಲಿಸೋ ಮೆಕ್ಯಾನಿಕ್, ಜ್ವರ ನೋಡದೆ ಮಾತ್ರೆ ಕೊಡೋ ಡಾಕ್ಟರು.

ಹುಡುಗಿ: ಆದರೆ ಜೋರಾಗಿ ಕಾಯೋದು ಯಾಕೆ? ಇಂಗ್ಲೆಂಡಿನ ಚಳಿಯಲ್ಲಿ!

ಮಾವ: ಚಳಿಯೇ ಒಂದು ಕಾರಣ ಅಂತ ನನ್ನ ಗುಮಾನಿ. ಎಂಜಿನ್ ಒಳಗೆ ನೀರೆಷ್ಟು?

ಹುಡುಗಿ: ಕಡಿಮೆ. ಬೇಗ ಬಿಸಿಯಾಗಲಿ, ಪೆಟ್ರೋಲ್ ಉಳಿಯಲಿ ಅಂತ ಬೇಕೆಂದೇ ಕಡಿಮೆ ಇಟ್ಟದ್ದು.

ಮಾವ: ಬಚ್ಚಲಮನೆ ಹಂಡೆ ನೆನಪಿದೆಯಾ? ನಿಮ್ಮಜ್ಜಿ ಬೆಳಗಿನ ಜಾವ ಐದಕ್ಕೆ ಉರಿ ಹಚ್ಚಿದರೆ ಆರೂವರೆಗೆ ನೀರು. ಆದರೆ ಒಂದು ಸಲ ಕಾಯ್ತೋ, ಹತ್ತು ಗಂಟೆಗೂ ಬೆಚ್ಚಗೆ. ನಡುವೆ ಒಂದು ಕೊಡ ತಣ್ಣೀರು ಸುರಿದರೂ ಹಂಡೆಗೆ ಗೊತ್ತೇ ಆಗಲ್ಲ. ಹಳೇ ಕಬ್ಬಿಣದ ಎಂಜಿನ್ ಅಂದರೆ ಆ ಹಂಡೆ. ಈ ಎಂಜಿನ್ ಚೊಂಬು. ಗ್ಯಾಸ್ ಮೇಲಿಟ್ಟರೆ ಕ್ಷಣದಲ್ಲಿ ಕುದಿಯುತ್ತೆ, ಒಂದು ಲೋಟ ತಣ್ಣೀರು ಬಿದ್ದರೆ ಪೂರ್ತಿ ತಣ್ಣಗೆ.

ಹುಡುಗಿ: ನಮ್ಮ ಕಡೆ ಚೊಂಬು ಅಂದರೆ ಮೋಸ ಅಂತಲೂ ಅರ್ಥ, ಮಾವ.

ಮಾವ: ಆ ಅರ್ಥ ನಾನು ಇನ್ನೂ ಹಚ್ಚಿಲ್ಲ. ಥರ್ಮೋಸ್ಟಾಟ್ ಎಲ್ಲಿದೆ, ನೀರು ಒಳಗೆ ಬರೋ ಕಡೆಯೋ, ಹೊರಗೆ ಹೋಗೋ ಕಡೆಯೋ?

ಹುಡುಗಿ: ಒಳಗೆ ಬರೋ ಕಡೆ. ಇನ್ನೊಂದು ವಿಷಯ. ರೋವರ್ ಕಾರಿನಲ್ಲಿ ಎಂಜಿನ್ ಮುಂದೆ, ರೇಡಿಯೇಟರ್ ಅದರ ಮೂಗಿನ ಮುಂದೇ. ಎಲೀಸ್‌ನಲ್ಲಿ ಎಂಜಿನ್ ಸೀಟಿನ ಹಿಂದೆ, ರೇಡಿಯೇಟರ್ ಮಾತ್ರ ಕಾರಿನ ಮೂತಿಯಲ್ಲಿ. ನಡುವೆ ಕಾರಿನ ಉದ್ದಕ್ಕೂ ಪೈಪು.

ಮಾವ: ಸಾಕು, ಅರ್ಥವಾಯಿತು. ಎಂಜಿನ್ ಕಾದಿದೆ. ಥರ್ಮೋಸ್ಟಾಟ್ ಮುಚ್ಚಿದೆ. ಅಷ್ಟುದ್ದ ಪೈಪಿನಲ್ಲಿ, ರೇಡಿಯೇಟರಿನಲ್ಲಿ, ಇಂಗ್ಲೆಂಡಿನ ಗಾಳಿ ಹೊಡೆಸಿಕೊಂಡು ನೀರು ತಣ್ಣಗೆ ಕೂತಿದೆ. ಥರ್ಮೋಸ್ಟಾಟಿಗೆ ಬಿಸಿ ತಡವಾಗಿ ತಾಗುತ್ತೆ, ತಟಕ್ಕನೆ ಬಾಯಿ ಬಿಡುತ್ತೆ, ತಣ್ಣೀರು ನುಗ್ಗುತ್ತೆ. ಕಾದ ಕಾವಲಿಗೆ ನೀರು ಎರಚಿದ ಹಾಗೆ. ಅಲ್ಯೂಮಿನಿಯಂ ಶಾಖಕ್ಕೆ ಕಬ್ಬಿಣದ ಎರಡು ಪಟ್ಟು ಹಿಗ್ಗುತ್ತೆ, ಎರಡು ಪಟ್ಟು ಕುಗ್ಗುತ್ತೆ. ಬ್ಲಾಕು ಒಂದು ಕಡೆ ಎಳೆಯುತ್ತೆ, ಲೈನರ್ ಅಲ್ಲೇ ನಿಲ್ಲುತ್ತೆ, ನಡುವೆ ಸಿಕ್ಕಿಕೊಂಡ ಗ್ಯಾಸ್ಕೆಟ್ ದಿನಕ್ಕೆ ಎರಡು ಮೂರು ಸಲ ಆಚೆ ಈಚೆ ಉಜ್ಜಿಸಿಕೊಳ್ಳುತ್ತೆ. ಎಷ್ಟು ದಿನ ತಡೆದೀತು?

ಹುಡುಗಿ: ಹೆಡ್ಡನ್ನ ಜಾಗದಲ್ಲಿ ಕೂರಿಸೋ ಡವೆಲ್ ಪಿನ್ನೂ ಪ್ಲಾಸ್ಟಿಕ್ಕಿನದಂತೆ, ಮೊದಲು.

ಮಾವ: ಪ್ಲಾಸ್ಟಿಕ್ಕಾ? ಹೆಡ್ಡಿಗಾ? ರಾಮ ರಾಮ.

ಹುಡುಗಿ: ಆಮೇಲೆ ಉಕ್ಕಿನದು ಬಂತು. ಗ್ಯಾಸ್ಕೆಟ್ ಬದಲಾಯಿತು, ಪದರಪದರ ಉಕ್ಕಿನ ಹಾಳೆಯದು. ಥರ್ಮೋಸ್ಟಾಟನ್ನೂ ಬದಲಿಸಿದರು. ಒತ್ತಡ ಹೆಚ್ಚಿದರೆ ಸ್ವಲ್ಪ ಮುಂಚೆಯೇ ಬಾಯಿ ಬಿಡೋ ಥರದ್ದು. ಫ್ರೀಲ್ಯಾಂಡರ್ ಕಾರಿಗೆ ಅಂತ ಮಾಡಿದ್ದು, ಇತರರೂ ಹಾಕಿಕೊಂಡರು. ಇದೆಲ್ಲ ಮಾಡಿಸಿದ ಎಂಜಿನ್ ಚೆನ್ನಾಗಿ ಓಡುತ್ತೆ ಅಂತಾರೆ.

ಮಾವ: ಓಡಲೇಬೇಕು. ಅದು ಕೆಟ್ಟ ಎಂಜಿನ್ ಅಂತ ನಾನು ಒಪ್ಪಲ್ಲ. ಅಷ್ಟು ಕಡಿಮೆ ಲೋಹದಲ್ಲಿ ಅಷ್ಟು ಗಟ್ಟಿ ಕಟ್ಟಿದವನು ಸಾಮಾನ್ಯನಲ್ಲ. ಆದರೆ ತಪ್ಪು ಮಾಡಿದರೆ ಕ್ಷಮಿಸೋ ಅಷ್ಟು ಲೋಹ ಅದರಲ್ಲಿ ಉಳಿದಿಲ್ಲ. ಹಳೇ ಲಾರಿ ಎಂಜಿನ್‌ನಲ್ಲಿ ಅರ್ಧ ಕಬ್ಬಿಣ ಕೆಲಸಕ್ಕೆ, ಇನ್ನರ್ಧ ಡ್ರೈವರನ ಸೋಮಾರಿತನಕ್ಕೆ ಅಂತ ಇಟ್ಟಿರ್ತಿದ್ದರು. ಆಗುಂಬೆ ಘಾಟಿ ಹತ್ತೋವಾಗ ಹೊಗೆ ಎದ್ದರೆ ಪಕ್ಕಕ್ಕೆ ಹಾಕಿ, ಬೀಡಿ ಸೇದಿ, ಝರಿ ನೀರು ಹೊಯ್ದು ಮುಂದೆ ಹೋಗೋರು. ಇದರಲ್ಲಿ ಹಾಗೆ ಮಾಡಿದರೆ ಮುಗೀತು. ಒಂದು ಲೀಟರ್ ನೀರು ಸೋರಿದರೆ ಹಂಡೆಗೆ ಲೆಕ್ಕವಿಲ್ಲ, ಚೊಂಬಿಗೆ ಅದೇ ಸರ್ವಸ್ವ.

ಹುಡುಗಿ: ಸೋರೋದು ಬೇರೆ ಕಡೆಯಿಂದಲೂ ಇದೆ. ಪ್ಲಾಸ್ಟಿಕ್ ಇನ್‌ಲೆಟ್ ಮ್ಯಾನಿಫೋಲ್ಡಿನ ಸೀಲಿನಿಂದ ಒಂದೊಂದೇ ಹನಿ ಜಿನುಗುತ್ತಂತೆ. ಬಿಸಿ ಎಂಜಿನ್ ಮೇಲೆ ಬಿದ್ದು ಆವಿಯಾಗುತ್ತೆ, ನೆಲದ ಮೇಲೆ ಗುರುತೇ ಕಾಣಲ್ಲ.

ಮಾವ: ಅದೇ ಮೊದಲ ಕಳ್ಳ, ಬರೆದಿಟ್ಟುಕೋ. ಗ್ಯಾಸ್ಕೆಟ್ ಹೋಗಿ ನೀರು ಖಾಲಿಯಾಯಿತು ಅಂತಾರೆ ಜನ. ಎಷ್ಟೋ ಸಲ ನೀರು ಖಾಲಿಯಾಗಿ ಗ್ಯಾಸ್ಕೆಟ್ ಹೋಗಿರುತ್ತೆ.

ನೀರಿನಿಂದ ಎದ್ದ ಆನೆಯೊಂದು ಸೊಂಡಿಲಿನಿಂದ ಬೆನ್ನಿಗೆ ಮಣ್ಣು ಎರಚಿಕೊಳ್ಳುತ್ತದೆ. ಅಷ್ಟು ಹೊತ್ತು ಉಜ್ಜಿದ ಮಾವುತ ಬೈಯುತ್ತಾನೆ. ಪ್ರವಾಸಿಗರು ನಗುತ್ತಾರೆ.

ಹುಡುಗಿ: ಆನೆಗೆ ರೇಡಿಯೇಟರ್ ಅಂದರೆ ಕಿವಿ, ಅಲ್ವಾ? ಶಾಲೆಯಲ್ಲಿ ಹೇಳಿದ್ದರು. ಕಿವಿಯ ತೆಳು ಚರ್ಮದಲ್ಲಿ ರಕ್ತನಾಳ, ಬೀಸಿದರೆ ರಕ್ತ ತಣ್ಣಗಾಗುತ್ತೆ ಅಂತ.

ಮಾವ: ಹೌದು. ಅಷ್ಟು ದೊಡ್ಡ ಮೈಗೆ ಬೆವರಿ ತಣಿಯೋಕೆ ಆಗಲ್ಲ. ಹಾಗಂತ ಎಲ್ಲದಕ್ಕೂ ಆನೆ ತಂದು ಕಟ್ಟಬೇಡ. ಆದರೆ ಒಂದು ನೋಡು. ಆನೆಗಳನ್ನ ರಾತ್ರಿ ಕಾಡಿಗೆ ಬಿಟ್ಟಿರ್ತಾರೆ, ಸರಪಳಿ ಎಳಕೊಂಡು ಹೋಗಿರುತ್ತೆ. ಬೆಳಿಗ್ಗೆ ಆ ಜಾಡು ಹಿಡಿದು ಹೋದವನು ಏನು ತಿಂದಿದೆ, ಕಾಲು ಕುಂಟ್ತಿದೆಯಾ, ಲದ್ದಿ ಹೇಗಿದೆ ಅಂತ ನೋಡದೆ ಕರಕೊಂಡು ಬರಲ್ಲ. ನಿನ್ನ ಕಾರಿಗೂ ಅಷ್ಟು ಮಾಡಬಲ್ಲೆಯಾ? ವಾರಕ್ಕೆ ಒಂದು ಸಲ, ಎಂಜಿನ್ ತಣ್ಣಗಿದ್ದಾಗ, ಡಿಪ್‌ಸ್ಟಿಕ್ ಎಳೆದು, ನೀರಿನ ಗೆರೆ ನೋಡಿ?

ಹುಡುಗಿ: ಮಾಡ್ತೀನಿ. ಟೊಯೊಟಾ ಎಂಜಿನ್ ಹಾಕಿದ ಎಲೀಸ್ ಆದರೆ ಅಷ್ಟು ಕಾಟ ಇಲ್ಲ ಅಂತಾರಲ್ಲ?

ಮಾವ: ಅದರ ಲೈನರ್ ಹೇಗಿದೆ?

ಹುಡುಗಿ: ನಿಮಗೆ ಬೇಜಾರಾಗುತ್ತೆ. ಲೈನರೇ ಇಲ್ಲ. 2ಝಡ್‌ಝಡ್ ಅಂತ ಹೆಸರು, ಯಮಾಹಾದವರ ಜೊತೆ ಸೇರಿ ಮಾಡಿದ್ದು, ಅದೂ 1796 ಸಿಸಿ. ಅಲ್ಯೂಮಿನಿಯಂ ಗೋಡೆಯೊಳಗೇ ಗಟ್ಟಿ ನಾರು ಬೆರೆಸಿದ್ದಾರೆ. ಪಿಸ್ಟನ್ ಅದರ ಮೇಲೇ ಓಡುತ್ತೆ.

ಮಾವ: ಅಂದರೆ ಸವೆದರೆ ಬೋರು ಹೊಡೆಸಿ ಓವರ್‌ಸೈಜ್ ಪಿಸ್ಟನ್ ಹಾಕೋ ಹಾಗಿಲ್ಲ. ಬ್ಲಾಕೇ ಎಸೀಬೇಕು, ಇಲ್ಲ ಕೊರೆದು ಸ್ಲೀವ್ ಹಾಕಿಸಬೇಕು. ನನ್ನಂಥವರ ಹೊಟ್ಟೆ ಮೇಲೆ ಹೊಡೆದರು ಬಿಡು. ಮೇಲಕ್ಕೆ ಎಷ್ಟು ತಿರುಗುತ್ತೆ?

ಹುಡುಗಿ: ನಿಮಿಷಕ್ಕೆ ಎಂಟು ಸಾವಿರ ಸುತ್ತು ದಾಟುತ್ತೆ. ಆರು ಸಾವಿರ ದಾಟಿದ ಮೇಲೆ ಕ್ಯಾಮ್‌ಶಾಫ್ಟಿನ ಬೇರೆ ಉಬ್ಬು ಕೆಲಸಕ್ಕೆ ಬರುತ್ತೆ. ಅಲ್ಲಿಂದ ಸದ್ದೇ ಬೇರೆ, ಮಾವ! ಬೆನ್ನ ಹಿಂದೆ ಯಾರೋ ಕಿರುಚಿದ ಹಾಗೆ.

ಮಾವ: ಆ ಉಬ್ಬು ಬದಲಿಸೋದು ಆಯಿಲ್ ಒತ್ತಡದಿಂದ ತಾನೇ? ಹಾಗಿದ್ದರೆ ಇದರ ರೋಗ ಆಯಿಲ್ಲಿಗೆ ಸಂಬಂಧಿಸಿದ್ದೇ ಆಗಿರಬೇಕು.

ಹುಡುಗಿ: ಸರಿಯಾಗಿ ಹೇಳಿದಿರಿ. ಮೊದಮೊದಲ ಎಂಜಿನ್‌ಗಳಲ್ಲಿ ಆ ಉಬ್ಬು ಒತ್ತೋ ರಾಕರ್‌ಗೆ ಆಯಿಲ್ ಕೊಡೋ ಬೋಲ್ಟ್ ಮುರಿಯುತ್ತಿತ್ತು. ಸದ್ದೂ ಬರದೆ, ದೀಪವೂ ಹತ್ತದೆ, ಮೇಲಿನ ಶಕ್ತಿ ಮಾತ್ರ ಮಾಯ. ಇನ್ನೊಂದು ಆಯಿಲ್ ಪಂಪಿನ ಗೇರು. ನಾಲ್ಕನೇ ಗೇರಿಗೆ ಹೋಗೋ ಬದಲು ಅವಸರದಲ್ಲಿ ಎರಡಕ್ಕೆ ಹಾಕಿದರೆ ಎಂಜಿನ್ ಹತ್ತು ಸಾವಿರ ಸುತ್ತಿಬಿಡುತ್ತೆ, ಪಂಪ್ ಚೂರಾಗುತ್ತೆ.

ಮಾವ: ಅದಕ್ಕೆ ಎಂಜಿನ್ ಏನು ಮಾಡುತ್ತೆ ಪಾಪ. ಅದು ಕೈಯ ತಪ್ಪು. ಮೂರನೆಯದೊಂದು ಇರಬೇಕಲ್ಲ, ತಿರುವಿನದು.

ಹುಡುಗಿ: ನಿಮಗೆ ಹೇಗೆ ಗೊತ್ತು?

ಮಾವ: ಚೇಂಬರ್ ಅಂದರೆ ಏನು? ಎಂಜಿನ್ ಕೆಳಗಿನ ಒಂದು ತಟ್ಟೆ. ಅದರಲ್ಲಿ ನಾಲ್ಕೈದು ಲೀಟರ್ ಆಯಿಲ್. ಪಂಪಿನ ಕೊಳವೆ ಅದರಲ್ಲಿ ಬಾಯಿ ಅದ್ದಿಕೊಂಡು ಹೀರ್ತಾ ಇರುತ್ತೆ. ಆಗುಂಬೆ ಘಾಟಿಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವು ಇವೆ. ಬಸ್ಸಿನಲ್ಲಿ ಹೋಗೋವಾಗ ತಟ್ಟೆಯಲ್ಲಿ ಸಾರು ಇಟ್ಟುಕೊಂಡು ಕೂರು, ಗೊತ್ತಾಗುತ್ತೆ. ಬಸ್ಸು ನಿಧಾನ, ಸಾರು ಸ್ವಲ್ಪ ವಾಲುತ್ತೆ ಅಷ್ಟೇ. ಆದರೆ ನಿನ್ನ ಕಾರು ಹಗುರ, ನೆಲಕ್ಕೆ ಅಂಟಿದ ಹಾಗೆ ಟೈರು, ತಿರುವಿನಲ್ಲಿ ವೇಗ ತಗ್ಗಿಸೋ ಮಾತೇ ಇಲ್ಲ. ಭೂಮಿ ಕೆಳಕ್ಕೆ ಎಳೆಯೋಷ್ಟೇ ಬಲ ಪಕ್ಕಕ್ಕೂ ಬಿದ್ದರೆ ಆಯಿಲ್ಲಿನ ಮೇಲ್ಮೈ ನಲವತ್ತೈದು ಡಿಗ್ರಿ ಓರೆಯಾಗಿ ನಿಲ್ಲುತ್ತೆ. ಕೊಳವೆಯ ಬಾಯಿಗೆ ಗಾಳಿ ಸಿಗುತ್ತೆ. ಬೇರಿಂಗಿಗೆ ಆಯಿಲ್ ಬದಲು ಗಾಳಿ ಹೋದರೆ ಎರಡು ಸೆಕೆಂಡ್ ಸಾಕು. ಸಂಸಾರದ ಕಾರಿಗೆ ಮಾಡಿದ ಚೇಂಬರಿಗೆ ಇಂಥ ತಿರುವು ಬರುತ್ತೆ ಅಂತ ಯಾರು ಲೆಕ್ಕ ಹಾಕಿದ್ದರು? ಎರವಲು ಒಡವೆಯ ಕಷ್ಟ ಅಂದೆನಲ್ಲ, ಅದು ಇದು.

ಹುಡುಗಿ: ಅದಕ್ಕೇ ಟ್ರ್ಯಾಕಿಗೆ ಹೋಗೋರು ಚೇಂಬರ್ ಒಳಗೆ ತಡೆತಗಡು ಹಾಕಿಸ್ತಾರೆ. ಇನ್ನೂ ಹುಚ್ಚಿರೋರು ಆಯಿಲ್ಲನ್ನ ಬೇರೆ ಟ್ಯಾಂಕಿನಲ್ಲಿಟ್ಟು ಡ್ರೈ ಸಂಪ್ ಮಾಡಿಸ್ತಾರೆ. ನಾನು ಟ್ರ್ಯಾಕಿಗೆ ಹೋಗಲ್ಲ.

ಮಾವ: ಎಲ್ಲರೂ ಮೊದಲು ಹಾಗೇ ಅನ್ನೋದು. ನಮ್ಮ ಶಾಪಿನ ಒಬ್ಬ ಹುಡುಗ ಮಾರುತಿ 800 ತಗೊಂಡ, ಆಸ್ಪತ್ರೆಗೆ, ಮಾರ್ಕೆಟ್ಟಿಗೆ ಅಂತ. ಎರಡು ವರ್ಷಕ್ಕೆ ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ರ‍್ಯಾಲಿ ಓಡಿಸುತ್ತಿದ್ದ. 796 ಸಿಸಿ, ಮೂರು ಸಿಲಿಂಡರ್, ಕಾರಿನ ತೂಕ ಆರುನೂರೈವತ್ತು ಕಿಲೋ. ಹಗುರ ಕಾರಿನ ಪಾಠ ನಮ್ಮ ಜನಕ್ಕೆ ಕಲಿಸಿದ್ದೇ ಅದು, ಯಾರೂ ಸ್ಪೋರ್ಟ್ಸ್ ಕಾರು ಅನ್ನಲಿಲ್ಲ ಅಷ್ಟೇ. ಎಂಆರ್2 ಕಥೆ ಏನು?

ಹುಡುಗಿ: ಎಲೀಸ್‌ಗೆ ಬಂದ ಟೊಯೊಟಾ ಎಂಜಿನ್ನಿನ ಸಾಧು ಅಣ್ಣ. ಕಬ್ಬಿಣದ ಲೈನರ್ ಇದೆ, ಖುಷಿಪಡಿ. ಮೊದಲ ವರ್ಷಗಳದ್ದು ಆಯಿಲ್ ಕುಡಿಯುತ್ತೆ. ಪಿಸ್ಟನ್ನಿನ ಆಯಿಲ್ ರಿಂಗಿನ ಹಿಂದಿನ ತೂತು ಸಾಲದೆ, ಮಸಿ ಕಟ್ಟಿ ರಿಂಗು ಅಂಟಿಕೊಳ್ಳುತ್ತಂತೆ. ಹಾಗೆ ಉರಿದ ಆಯಿಲ್ ಎಕ್ಸಾಸ್ಟ್ ಬಾಯಲ್ಲೇ ಇರೋ ಕ್ಯಾಟಲಿಸ್ಟನ್ನ ಹಾಳು ಮಾಡುತ್ತೆ, ಅದು ಪುಡಿಯಾಗಿ ತಿರುಗಿ ಸಿಲಿಂಡರ್ ಒಳಗೇ ಹೋಗುತ್ತೆ.

ಮಾವ: ಪಿಂಗಾಣಿ ಪುಡಿ! ಲೈನರ್‌ಗೆ ಮರಳು ಹಾಕಿ ಉಜ್ಜಿದ ಹಾಗೆ. ಓವರ್‌ಹಾಲ್ ಮಾಡಿಸಿದ್ದಕ್ಕೆ ಬಿಲ್ ಇದ್ದರೆ ನೋಡು, ಇಲ್ಲದಿದ್ದರೆ ಬಿಡು. ಮಾಜ್ಡಾ?

ಹುಡುಗಿ: ಅದು ಬೇಸರ ಬರೋಷ್ಟು ಒಳ್ಳೇದು. 1989ರಲ್ಲಿ ಬಂತು, 2016ಕ್ಕೆ ಹತ್ತು ಲಕ್ಷ ಕಾರು ಮಾಡಿ ಮುಗಿಸಿದ್ದರು. ಮೊದಲನೇದಕ್ಕೆ 1.6 ಲೀಟರ್, ಕಬ್ಬಿಣದ ಬ್ಲಾಕು. ಅದೂ ಸಂಸಾರದ ಕಾರಿನಿಂದ ಬಂದದ್ದೇ. 1991ರ ತನಕದ್ದರಲ್ಲಿ ಮಾತ್ರ ಕ್ರ್ಯಾಂಕಿನ ಮೂತಿ ಗಿಡ್ಡ. ಪುಲ್ಲಿಯ ಬೋಲ್ಟ್ ಸರಿಯಾಗಿ ಬಿಗಿಯದಿದ್ದರೆ ಕೀ ಸವೆದು ಪುಲ್ಲಿ ಅಲ್ಲಾಡೋಕೆ ಶುರುವಾಗುತ್ತೆ. ಆಮೇಲೆ ಉದ್ದ ಮಾಡಿದರು. ಉಳಿದದ್ದೆಲ್ಲ ಚಿಲ್ಲರೆ. ಆಯಿಲ್ ಹಳೇದಾದರೆ ಟಪ್ಪೆಟ್ ಟಕ್ ಟಕ್ ಅನ್ನುತ್ತೆ, ಹಿಂದುಗಡೆ ಒಂದು ರಬ್ಬರ್ ರಿಂಗಿನಿಂದ ಆಯಿಲ್ ಜಿನುಗುತ್ತೆ.

ಮಾವ: ನೋಡಿದೆಯಾ? ಎಂಜಿನ್ ಮುಂದೆ, ರೇಡಿಯೇಟರ್ ಅದರ ಮುಂದೆ, ಬ್ಲಾಕು ಕಬ್ಬಿಣ. ಹಗುರವನ್ನ ಮೈಯಲ್ಲಿ ಹುಡುಕಿದರು, ಎಂಜಿನ್ನಿನಲ್ಲಿ ಅಲ್ಲ. ಅಲ್ಯೂಮಿನಿಯಂ ತೂಕ ಕಬ್ಬಿಣದ ಮೂರರಲ್ಲೊಂದು ಪಾಲು ಚಿಲ್ಲರೆ. ಆ ಬ್ಲಾಕಿಗೆ ಕಬ್ಬಿಣ ಉಳಿಸಿಕೊಂಡದ್ದಕ್ಕೆ ಇಪ್ಪತ್ತು ಮೂವತ್ತು ಕಿಲೋ ಹೆಚ್ಚಾಗಿರಬಹುದು. ನಾನಾಗಿದ್ದರೆ ಆ ಮೂವತ್ತು ಕಿಲೋ ಹೊತ್ತುಕೊಂಡು ಹೋಗ್ತಿದ್ದೆ, ಊಟ ಕಡಿಮೆ ಮಾಡಿ.

ಹುಡುಗಿ: ಹೊಸ ಕಾರಿಗೂ ರೋಗ ತಪ್ಪಿಲ್ಲ. ಸುಬಾರು ಎಂಜಿನ್ ಹಾಕಿದ ಟೊಯೊಟಾ 86 ಇದೆಯಲ್ಲ, 2018ರಲ್ಲಿ ವಾಲ್ವ್ ಸ್ಪ್ರಿಂಗ್ ಬದಲಿಸೋಕೆ ಅಂತ ವಾಪಸ್ ಕರೆದರು. ಸುಬಾರುವಿನ ಬೇರೆ ಕಾರುಗಳೂ ಸೇರಿ ನಾಲ್ಕು ಲಕ್ಷದಷ್ಟು. ಸ್ಪ್ರಿಂಗಿನ ಉಕ್ಕಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಸರು.

ಮಾವ: ಸ್ಪ್ರಿಂಗ್ ಉಕ್ಕು ಮಾಡೋದು ತಮಾಷೆಯಲ್ಲ. ಒಂದು ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲಿನ ಕಸರಿದ್ದರೂ ಕೋಟಿ ಸಲ ಬಾಗಿದ ಮೇಲೆ ಬಿರುಕು ಅಲ್ಲಿಂದಲೇ ಹುಟ್ಟುತ್ತೆ. ಭದ್ರಾವತಿಯ ವಿಶೇಷ ಉಕ್ಕಿನ ಬಗ್ಗೆ ಅಲ್ಲಿಯವರು ಹೆಮ್ಮೆ ಪಡ್ತಿದ್ದದ್ದು ಸುಮ್ಮನೆ ಅಲ್ಲ. ಸರಿ, ಈಗ ನೀನು ಕಾರು ನೋಡೋಕೆ ಹೋಗ್ತೀಯ. ಮೊದಲು ಏನು ಮಾಡ್ತೀಯ?

ಹುಡುಗಿ: ಓಡಿಸಿ ನೋಡ್ತೀನಿ.

ಮಾವ: ತಪ್ಪು. ಮೊದಲು ಬಾನೆಟ್ ಮೇಲೆ ಕೈಯಿಡು. ಎಲೀಸ್ ಆದರೆ ಹಿಂದಿನ ಮುಚ್ಚಳದ ಮೇಲೆ. ಬೆಚ್ಚಗಿದ್ದರೆ, ಇನ್ನೊಂದು ದಿನ ಬರ್ತೀನಿ ಅಂತ ಹೇಳಿ ಬಂದುಬಿಡು. ಮಾರೋನು ನೀನು ಬರೋ ಮುಂಚೆ ಯಾಕೆ ಬಿಸಿ ಮಾಡಿಟ್ಟ? ತಣ್ಣಗಿದ್ದಾಗ ಮೊದಲ ಎರಡು ನಿಮಿಷದಲ್ಲಿ ಎಂಜಿನ್ ಸತ್ಯ ಹೇಳುತ್ತೆ. ನೀರಿನ ಡಬ್ಬಿ ಮುಚ್ಚಳ ತೆಗಿ. ಆಯಿಲ್ ಜಿಡ್ಡು ತೇಲ್ತಿದೆಯಾ? ಆಯಿಲ್ ಮುಚ್ಚಳದ ಕೆಳಗೆ ಹಾಲು ಜಾಸ್ತಿಯಾದ ಕಾಫಿ ಬಣ್ಣದ ಗಸಿ ಇದೆಯಾ?

ಹುಡುಗಿ: ಇದ್ದರೆ ಗ್ಯಾಸ್ಕೆಟ್ ಹೋಗಿದೆ ಅಂತ.

ಮಾವ: ಅವಸರ ಮಾಡಬೇಡ. ನಿಮ್ಮ ಚಳಿಯಲ್ಲಿ ಬರೀ ಎರಡು ಮೈಲಿ ಓಡಿಸಿ ನಿಲ್ಲಿಸ್ತಾ ಇದ್ದರೆ, ಒಳಗಿನ ತೇವ ಆರದೆ ಮುಚ್ಚಳಕ್ಕೆ ಅಂಥದೇ ಗಸಿ ಕಟ್ಟುತ್ತೆ. ಮುಚ್ಚಳದಲ್ಲಿ ಮಾತ್ರ ಇದ್ದು ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಶುದ್ಧವಾಗಿದ್ದರೆ ಹೆದರಬೇಡ. ಎರಡರಲ್ಲೂ ಇದ್ದು, ನೀರೂ ಕಡಿಮೆಯಾಗ್ತಾ ಇದ್ದು, ಹೊಗೆ ಬಿಳಿಯಾಗಿ ಸಿಹಿ ವಾಸನೆ ಬಂದರೆ ಅಲ್ಲಿಂದ ಹೊರಡು. ಮತ್ತೆ, ಇಪ್ಪತ್ತು ವರ್ಷಕ್ಕೆ ಇಪ್ಪತ್ತು ಸಾವಿರ ಮೈಲಿ ಮಾತ್ರ ಓಡಿದೆ ಅಂತ ಯಾರಾದರೂ ಹೊಗಳಿದರೆ ಮರುಳಾಗಬೇಡ. ನಿಂತ ಎಂಜಿನ್ನಿನ ಸೀಲು ಒಣಗಿರುತ್ತೆ, ಲೈನರಿನ ಒಂದು ಪಟ್ಟಿಯಲ್ಲಿ ತುಕ್ಕು ಕೂತಿರುತ್ತೆ. ಟೈಮಿಂಗ್ ಬೆಲ್ಟ್ ಮೈಲಿ ಮಾತ್ರ ಎಣಿಸಲ್ಲ, ವರ್ಷವನ್ನೂ ಎಣಿಸುತ್ತೆ. ರೋವರ್ ಎಂಜಿನ್ನಿನಲ್ಲಿ ಬೆಲ್ಟೋ ಚೈನೋ?

ಹುಡುಗಿ: ಬೆಲ್ಟು. ಟೊಯೊಟಾದ್ದು ಚೈನು.

ಮಾವ: ಹಾಗಾದರೆ ಬೆಲ್ಟಿನ ಬಿಲ್ಲೂ ಕೇಳು. ಬಿಲ್ಲಿಲ್ಲದಿದ್ದರೆ ಬದಲಿಸಿಲ್ಲ ಅಂತ ಲೆಕ್ಕ. ತಗೊಂಡ ಮೇಲೆ ಒಂದೇ ನಿಯಮ. ನೀರಿನ ಮುಳ್ಳು ಮೇಲೆ ಬಂತು ಅಂತ ಎಕ್ಸಲರೇಟರ್ ಒತ್ತಬೇಡ. ನೀರು ಬೇಗ ಕಾಯುತ್ತೆ, ಆಯಿಲ್ ನಿಧಾನ. ಹತ್ತು ಹದಿನೈದು ನಿಮಿಷ ಮೆಲ್ಲಗೆ ಹೋಗು. ನಿಮ್ಮ ಆಫೀಸು ಎಷ್ಟು ದೂರ?

ಹುಡುಗಿ: ಎಂಟು ನಿಮಿಷ.

ಮಾವ: ಅಯ್ಯೋ. ಹಾಗಾದರೆ ಮಾಜ್ಡಾ ತಗೋ. ಇಲ್ಲ ಸೈಕಲ್.

ಹುಡುಗಿ: ಎಲೀಸ್ ಬೇಡ ಅಂತೀರಾ?

ಮಾವ: ಬೇಡ ಅಂದರೆ ಕೇಳೋ ಮುಖವಾ ಇದು? ತಗೊಂಡರೆ ಭಾನುವಾರಕ್ಕೆ ಅಂತ ಇಟ್ಟುಕೋ, ಒಂದೊಂದು ಸಲಕ್ಕೆ ಐವತ್ತು ಮೈಲಿ ಓಡಿಸು. ಗ್ಯಾಸ್ಕೆಟ್ ಬದಲಿಸಿರೋದೇ ಹುಡುಕು. ಬದಲಿಸಿದವನಿಗೆ ಫೋನ್ ಮಾಡಿ ಲೈನರ್ ಎತ್ತರ ಎಷ್ಟಿತ್ತು ಅಂತ ಕೇಳು. ಸಂಖ್ಯೆ ಹೇಳಿದರೆ ಒಳ್ಳೇ ಕೆಲಸಗಾರ. 'ಎಲ್ಲ ಸರಿ ಇತ್ತು' ಅಂದರೆ ಅಳೆದಿಲ್ಲ.

ಕೊನೆಯ ಆನೆ ದಡ ಹತ್ತುತ್ತದೆ. ಹಿಂಗಾಲಿನಿಂದ ಇಳಿದ ನೀರು ಕಲ್ಲಿನ ತನಕ ಹರಿದು ಬರುತ್ತದೆ. ಇಬ್ಬರೂ ಕಾಲು ಮೇಲೆತ್ತಿಕೊಳ್ಳುತ್ತಾರೆ.

ಹುಡುಗಿ: ನೀವು ಮುಂದಿನ ವರ್ಷ ಬಂದರೆ ಅದರಲ್ಲಿ ಕೂರಿಸಿಕೊಂಡು ಲಾಂಗ್‌ಬ್ರಿಜ್ ತೋರಿಸ್ತೀನಿ. ಆದರೆ ಅದು ನೆಲಕ್ಕೆ ತೀರಾ ಹತ್ತಿರ, ಬಾಗಿಲಿನ ಅಂಚು ಇಷ್ಟಗಲ. ಹತ್ತೋದೇ ಒಂದು ಸಾಹಸ.

ಮಾವ: ನನ್ನ ಮಂಡಿಗೆ ಅದು ಆಗದ ಮಾತು. ಇಳಿಸೋಕೆ ಇಬ್ಬರು ಬೇಕಾಗುತ್ತೆ. ಏಳು, ಹೊಟ್ಟೆ ಹಸೀತಿದೆ. ಆ ಬೋರಿನ ಲೆಕ್ಕ ಇನ್ನೊಂದು ಸಲ ಹೇಳು, ಎಪ್ಪತ್ತೈದರಿಂದ ಎಂಬತ್ತು ಅಂದೆಯಾ? ಗೋಡೆ ಎಷ್ಟು ಉಳೀತು ಅಂತ ಲೆಕ್ಕ ಹಾಕಬೇಕು.